ಪ್ರಶ್ನೋತ್ತರ: ‘ಸುಯ್’ ಎನ್ನುವ ಸದ್ದಿನ ಲೆಕ್ಕ

ಈ ಸಲದ ನಾಲ್ಕೂ ಪ್ರಶ್ನೆಗಳು ಒಂದೇ ಬಗೆಯ ಸದ್ದಿನ ಕುರಿತು. ಆಷಾಢದ ಮಳೆ ತಗಡಿನ ಮೇಲೆ ಸುರಿಯುವಾಗ ಕೇಳುವಂಥ, ಎಲ್ಲ ಆವರ್ತನಗಳೂ ಒಟ್ಟಿಗೆ ಬೆರೆತ ಗದ್ದಲ ಅದು, ಹೆಸರು ವೈಟ್ ನಾಯ್ಸ್.

ಪ್ರಶ್ನೆ: ಬಿಸಿ 547 ಟ್ರಾನ್ಸಿಸ್ಟರನ್ನು ಉಲ್ಟಾ ಜೋಡಿಸಿ ವೈಟ್ ನಾಯ್ಸ್ ಜನರೇಟರ್ ಮಾಡಿದೆ. 9 ವೋಲ್ಟ್ ಬ್ಯಾಟರಿ, 220 ಕಿಲೋಓಮ್ ರೆಸಿಸ್ಟರ್. ಮೊದಲು ಚೆನ್ನಾಗಿ ಸುಯ್ ಎಂದಿತು. ಈಗ ಬಿಟ್ಟು ಬಿಟ್ಟು ಪಟಪಟ ಎನ್ನುತ್ತದೆ, ಕೆಲವೊಮ್ಮೆ ಸದ್ದೇ ಇಲ್ಲ. ಟ್ರಾನ್ಸಿಸ್ಟರ್ ಸುಟ್ಟಿತೇ? ಬರೀ ರೆಸಿಸ್ಟರಿನಿಂದಲೇ ಗದ್ದಲ ಪಡೆಯಬಹುದೇ?
— ಓದುಗರು, ಡೊಂಬಿವಲಿ

ಉತ್ತರ: ಟ್ರಾನ್ಸಿಸ್ಟರ್ ಸುಟ್ಟಿಲ್ಲ, ಬ್ಯಾಟರಿ ಇಳಿದಿದೆ. ಎಮಿಟರ್-ಬೇಸ್ ಜಂಕ್ಷನ್ ಉಲ್ಟಾ ದಿಕ್ಕಿನಲ್ಲಿ ಬ್ರೇಕ್‌ಡೌನ್ ಆದಾಗ, ಅಂದರೆ ತಡೆ ಮುರಿದು ಕರೆಂಟ್ ಹರಿದಾಗ, ಮಾತ್ರ ಈ ಗದ್ದಲ ಹುಟ್ಟುತ್ತದೆ. ಡೇಟಾಶೀಟ್ 6 ವೋಲ್ಟ್ ದಾಟಬೇಡಿ ಎನ್ನುತ್ತದೆ. ಆದರೆ ಬ್ರೇಕ್‌ಡೌನ್ ಸಾಮಾನ್ಯವಾಗಿ 7ರಿಂದ 9 ವೋಲ್ಟ್ ನಡುವೆ ಆಗುತ್ತದೆ, ಒಂದೇ ಪಾಕೀಟಿನ ಎರಡು ಟ್ರಾನ್ಸಿಸ್ಟರುಗಳಲ್ಲೂ ಬೇರೆ ಬೇರೆ. ಹೊಸ ಬ್ಯಾಟರಿ ಈ ಗಡಿಯನ್ನು ಹೇಗೋ ದಾಟಿಸುತ್ತದೆ. ಅರ್ಧ ವೋಲ್ಟ್ ಇಳಿದರೆ ಸಾಕು, ಕರೆಂಟ್ ಕೆಲವೇ ಮೈಕ್ರೋಆಂಪಿಗೆ ಬಂದು ಬ್ರೇಕ್‌ಡೌನ್ ಹತ್ತುತ್ತ ಆರುತ್ತ ಇರುತ್ತದೆ. ನಿಮಗೆ ಕೇಳುವ ಪಟಪಟ ಅದೇ.

ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 18 ವೋಲ್ಟ್ ಕೊಡಿ. ಪ್ಲಸ್‌ನಿಂದ ಅದೇ 220 ಕಿಲೋಓಮ್ ಮೂಲಕ ಎಮಿಟರಿಗೆ, ಬೇಸ್ ಗ್ರೌಂಡಿಗೆ, ಕಲೆಕ್ಟರ್ ಖಾಲಿ ಬಿಡಿ. 8 ವೋಲ್ಟಿಗೆ ಬ್ರೇಕ್‌ಡೌನ್ ಆದರೆ ಸುಮಾರು 45 ಮೈಕ್ರೋಆಂಪ್ ಹರಿಯುತ್ತದೆ, ಅಷ್ಟು ಸಾಕು. ಮಲ್ಟಿಮೀಟರಿನ ಡಿಸಿ ರೇಂಜಿನಲ್ಲಿ ಎಮಿಟರ್-ಬೇಸ್ ನಡುವೆ ನೋಡಿ: 7-9 ವೋಲ್ಟ್ ತೋರಿಸಿದರೆ ಸರಿ, ಬ್ಯಾಟರಿಯ ಪೂರ್ತಿ ವೋಲ್ಟೇಜೇ ಕಂಡರೆ ಬ್ರೇಕ್‌ಡೌನ್ ಆಗಿಲ್ಲ.

ಎಮಿಟರಿನಿಂದ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ಟಿಎಲ್ 072 ಆಂಪ್ಲಿಫೈಯರ್ ಐಸಿಗೆ ಹೋಗಿ. ಎರಡು 10 ಕಿಲೋಓಮ್ ರೆಸಿಸ್ಟರ್, ಒಂದು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಅರ್ಧ ವೋಲ್ಟೇಜ್ ಮಾಡಿಕೊಂಡು, ಅಲ್ಲಿಂದ 1 ಮೆಗಾಓಮ್ ಮೂಲಕ ಪ್ಲಸ್ ಇನ್‌ಪುಟ್ಟಿಗೆ ಬಯಾಸ್ ಕೊಡಿ. ಒಂದೇ ಹಂತದಲ್ಲಿ 121 ಪಟ್ಟು ಹಿಗ್ಗಿಸಬೇಡಿ. ಈ ಐಸಿಯ ಗೇನ್-ಬ್ಯಾಂಡ್‌ವಿಡ್ತ್ (ಹಿಗ್ಗಿಸುವ ಪಟ್ಟು ಮತ್ತು ಆವರ್ತನದ ಅಗಲದ ಗುಣಲಬ್ಧ) 3 ಮೆಗಾಹರ್ಟ್ಸ್. ಆ ಗೇನಿಗೆ 25 ಕಿಲೋಹರ್ಟ್ಸ್ ಹೊತ್ತಿಗೇ 3 ಡೆಸಿಬೆಲ್ ಇಳಿದು, ಸದ್ದಿನ ತುದಿ ಮೊಂಡಾಗುತ್ತದೆ. ಐಸಿಯೊಳಗಿನ ಎರಡೂ ಆಂಪ್ಲಿಫೈಯರ್ ಬಳಸಿ 11 ಪಟ್ಟಿನ ಎರಡು ಹಂತ ಮಾಡಿ (ಫೀಡ್‌ಬ್ಯಾಕಿಗೆ 100 ಕಿಲೋಓಮ್, ಕೆಳಗೆ 10 ಕಿಲೋಓಮ್ ಮತ್ತು 10 ಮೈಕ್ರೋಫ್ಯಾರಡ್). ನಡುವೆ ಒಂದು ವಾಲ್ಯೂಮ್ ಪಾಟ್ ಇರಲಿ, ಏಕೆಂದರೆ ಯಾವ ಟ್ರಾನ್ಸಿಸ್ಟರ್ ಎಷ್ಟು ಮಿಲಿವೋಲ್ಟ್ ಕೊಡುತ್ತದೆಂದು ಮೊದಲೇ ಹೇಳಲಾಗದು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋದಾಗ ಹತ್ತು ಟ್ರಾನ್ಸಿಸ್ಟರ್ ತಂದು, ಒಂದೊಂದಾಗಿ ಹಾಕಿ ಆರಿಸಿಕೊಳ್ಳಿ. ಔಟ್‌ಪುಟ್ 1 ವೋಲ್ಟ್ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಇದ್ದರೆ ಆಗಾಗ 4 ವೋಲ್ಟಿನ ಶಿಖರ ಬರುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಶಿಖರಗಳ ತಲೆ ಕತ್ತರಿಸಿಹೋಗುತ್ತದೆ. ಹೀಗೆ ಬಳಸಿದ ಟ್ರಾನ್ಸಿಸ್ಟರಿನ ಗೇನ್ ಕುಂದುತ್ತದೆ, ಅದನ್ನು ಮತ್ತೆ ಆಂಪ್ಲಿಫೈಯರಿಗೆ ಹಾಕಬೇಡಿ.

ರೆಸಿಸ್ಟರಿನಲ್ಲೂ ಗದ್ದಲವಿದೆ. ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬಿನಲ್ಲಿ ಜಾನ್ಸನ್ ಅದನ್ನು ಅಳೆದರು, ನೈಕ್ವಿಸ್ಟ್ ಕಾರಣ ವಿವರಿಸಿದರು. ಇಬ್ಬರ ಲೇಖನಗಳೂ 1928ರಲ್ಲಿ ಬಂದವು. ಆದರೆ 10 ಕಿಲೋಓಮ್ ರೆಸಿಸ್ಟರ್ 20 ಕಿಲೋಹರ್ಟ್ಸ್ ಅಗಲದಲ್ಲಿ (ಅಷ್ಟು ಆವರ್ತನಗಳ ಹರವಿನಲ್ಲಿ) ಕೊಡುವುದು 1.8 ಮೈಕ್ರೋವೋಲ್ಟ್ ಮಾತ್ರ. ಅಷ್ಟನ್ನು ಹಿಗ್ಗಿಸಲು ಹೋದರೆ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಕಾರವೇ ಮೊದಲು ಬರುತ್ತದೆ. ‘20 ಕಿಲೋಹರ್ಟ್ಸ್ ಅಗಲದಲ್ಲಿ’ ಎಂಬ ಮಾತನ್ನು ಬಿಡಬಾರದು. ಅಗಲ ನಾಲ್ಕು ಪಟ್ಟಾದರೆ ವೋಲ್ಟೇಜ್ ಎರಡು ಪಟ್ಟಾಗುತ್ತದೆ. ಅಗಲ ಹೇಳದ ಗದ್ದಲದ ಅಂಕಿ, ಸೇರೋ ಪಾವೋ ಹೇಳದೆ ಅಕ್ಕಿ ಅಳೆದಂತೆ.

ಪ್ರಶ್ನೆ: ಸ್ಪೀಕರಿನಲ್ಲಿ ವೈಟ್ ನಾಯ್ಸ್ ಹಾಕಿ ಮೂರನೇ-ಒಂದು ಆಕ್ಟೇವ್ ಅನಲೈಸರಿನಲ್ಲಿ (ಸದ್ದನ್ನು ಆವರ್ತನದ ಪಟ್ಟಿಗಳಾಗಿ ಬಿಡಿಸಿ ಕಂಬಗಳಲ್ಲಿ ತೋರಿಸುವ ಉಪಕರಣ) ನೋಡಿದರೆ ಬಲಕ್ಕೆ ಹೋದಂತೆ ಕಂಬಗಳು ಏರುತ್ತವೆ. ಎಡಗಡೆಯವು ನಿಲ್ಲದೆ ಕುಣಿಯುತ್ತವೆ. ಸ್ಪೀಕರ್ ಕೆಟ್ಟಿದೆಯೇ?
— ಓದುಗರು, ಕೋತ್ರೂಡ್, ಪುಣೆ

ಉತ್ತರ: ಇಲ್ಲಿಯೂ ಅಗಲದ್ದೇ ಮಾತು. ವೈಟ್ ನಾಯ್ಸ್‌ನಲ್ಲಿ ಪ್ರತಿ ಹರ್ಟ್ಸಿಗೂ ಸಮನಾದ ಶಕ್ತಿ. ಒಂದೊಂದು ಆಕ್ಟೇವ್ (ಅಂದರೆ ಆವರ್ತನ ಎರಡು ಪಟ್ಟು) ಮೇಲೇರಿದಂತೆ ಪಟ್ಟಿ ಎರಡು ಪಟ್ಟು ಅಗಲವಾಗುವುದರಿಂದ 3 ಡೆಸಿಬೆಲ್ ಏರುವುದು ಸಹಜ. ಪಿಂಕ್ ನಾಯ್ಸ್ ಹಾಕಿ, ಅದು ಆಕ್ಟೇವಿಗೆ 3 ಡೆಸಿಬೆಲ್ ಇಳಿಯುತ್ತದೆ, ಕಂಬಗಳು ಸಮವಾಗುತ್ತವೆ. ಆಮೇಲೂ ಉಳಿದ ಏರಿಳಿತ ಸ್ಪೀಕರ್, ಕೋಣೆ, ಮೈಕ್‌ನದು.

ಕುಣಿತ ದೋಷವಲ್ಲ. 4.34 ಅನ್ನು, ಪಟ್ಟಿಯ ಅಗಲ ಮತ್ತು ಸರಾಸರಿ ತೆಗೆದ ಸೆಕೆಂಡುಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದರೆ ಎಷ್ಟು ಡೆಸಿಬೆಲ್ ಅಲುಗಾಟ ಎಂದು ತಿಳಿಯುತ್ತದೆ. 50 ಹರ್ಟ್ಸ್ ಪಟ್ಟಿಯ ಅಗಲ ಸುಮಾರು 11.5 ಹರ್ಟ್ಸ್. ಒಂದು ಸೆಕೆಂಡ್ ನೋಡಿದರೆ ಅಲುಗಾಟ 1.3 ಡೆಸಿಬೆಲ್, ಮೂವತ್ತು ಸೆಕೆಂಡಿಗೆ 0.23. ಸಾವಿರಕ್ಕೂ ಹೆಚ್ಚು ಹರ್ಟ್ಸ್ ಅಗಲದ 5 ಕಿಲೋಹರ್ಟ್ಸ್ ಪಟ್ಟಿ ಒಂದೇ ಸೆಕೆಂಡಿಗೆ 0.13ಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಬಾಸ್ ಅಳೆಯುವಾಗ ಅರ್ಧ ನಿಮಿಷ ತಾಳ್ಮೆಯಿಂದ ಕಾಯಿರಿ.

ಪ್ರಶ್ನೆ: ಅತ್ತೆಯವರಿಗೆ ಬಲಗಿವಿ ಕೇಳುವುದಿಲ್ಲ. ಪರೀಕ್ಷೆಯಲ್ಲಿ ಚೆನ್ನಾಗಿರುವ ಎಡಗಿವಿಗೆ ‘ಶ್‌ಶ್’ ಎಂಬ ಸದ್ದು ಹಾಕಿದರು. ಏಕೆ? ಅದರಿಂದ ಕಿವಿಗೆ ತೊಂದರೆಯೇ?
— ಓದುಗರು, ವಾಶಿ

ಉತ್ತರ: ಹಾಕಲೇಬೇಕು. ಬಲಗಿವಿಗೆ ಜೋರಾಗಿ ಕೊಟ್ಟ ಸದ್ದು ತಲೆಬುರುಡೆಯ ಮೂಲಕ ಎಡಗಿವಿಗೆ ದಾಟುತ್ತದೆ. ಕಿವಿಯ ಮೇಲೆ ಕೂರುವ ಇಯರ್‌ಫೋನಿನಲ್ಲಿ ದಾಟುವಾಗ ಸುಮಾರು 40 ಡೆಸಿಬೆಲ್ ಕಳೆಯುತ್ತದೆ, ಮೂಳೆಗೆ ಇಡುವ ವೈಬ್ರೇಟರಿನಲ್ಲಿ ಹೆಚ್ಚುಕಡಿಮೆ ಏನೂ ಕಳೆಯದು. ಆಗ ಅತ್ತೆಯವರು ಬಟನ್ ಒತ್ತುವುದು ಎಡಗಿವಿಯಲ್ಲಿ ಕೇಳಿಸಿದ್ದಕ್ಕೆ, ವರದಿಯಲ್ಲಿ ಬರೆಯುವುದು ಬಲಗಿವಿ ಎಂದು. ಅದಕ್ಕಾಗಿ ಎಡಗಿವಿಯನ್ನು ಗದ್ದಲದಿಂದ ಮುಚ್ಚಿಡುತ್ತಾರೆ, ಅದೇ ಮಾಸ್ಕಿಂಗ್.

ಅದೂ ಪೂರ್ತಿ ವೈಟ್ ನಾಯ್ಸ್ ಅಲ್ಲ. 1940ರಲ್ಲಿ ಅಮೆರಿಕದ ವಿಜ್ಞಾನಿ ಹಾರ್ವೆ ಫ್ಲೆಚರ್ ತೋರಿಸಿದಂತೆ, ಒಂದು ಸ್ವರವನ್ನು ಮುಚ್ಚುವುದು ಅದರ ಅಕ್ಕಪಕ್ಕದ ಗದ್ದಲ ಮಾತ್ರ. 1000 ಹರ್ಟ್ಸಿನ ಸುತ್ತ ಆ ಅಗಲ ಸುಮಾರು 160 ಹರ್ಟ್ಸ್. ಉಳಿದದ್ದು ಕಿವಿಗೆ ಜೋರೆನಿಸುತ್ತದೆ, ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದಲೇ ಪ್ರತಿ ಸ್ವರಕ್ಕೂ ಅದರದೇ ಕಿರಿದಾದ ಪಟ್ಟಿಯ ಗದ್ದಲ. ಕೆಲವೇ ನಿಮಿಷ, ಬೇಕಾದಷ್ಟೇ ಮಟ್ಟದಲ್ಲಿ ಹಾಕುವುದರಿಂದ ಹೆದರಬೇಕಿಲ್ಲ. ವರದಿಯಲ್ಲಿ ಬಲಗಿವಿಗೆ ಸೊನ್ನೆಯ ಬದಲು ತ್ರಿಕೋನ ಗುರುತಿದ್ದರೆ ಮಾಸ್ಕಿಂಗ್ ಮಾಡಿ ಅಳೆದದ್ದು ಎಂದರ್ಥ. ಒಂದೇ ಕಿವಿ ಕೇಳದವರ ವರದಿಯಲ್ಲಿ ಅದು ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆಯಲ್ಲಿ ಮತ್ತೊಮ್ಮೆ ತೋರಿಸಬಹುದು.

ಪ್ರಶ್ನೆ: ಎಂಟು ತಿಂಗಳ ಮಗುವಿನ ತಲೆದಿಂಬಿನ ಹತ್ತಿರ ಫೋನಿನಲ್ಲಿ ವೈಟ್ ನಾಯ್ಸ್ ಇಟ್ಟರೆ ನಿದ್ದೆ ಬರುತ್ತದೆ. ಇಡಬಹುದೇ?
— ಓದುಗರು, ವಾಸ್ಕೋ

ಉತ್ತರ: ದಿಂಬಿನ ಹತ್ತಿರ ಬೇಡವೇ ಬೇಡ. 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮಕ್ಕಳ ನಿದ್ದೆಗೆಂದೇ ಮಾರುವ 14 ಯಂತ್ರಗಳ ಪೈಕಿ ಮೂರು, ಪೂರ್ತಿ ವಾಲ್ಯೂಮಿನಲ್ಲಿ 30 ಸೆಂಟಿಮೀಟರ್ ದೂರಕ್ಕೆ 85 ಡೆಸಿಬೆಲ್ ದಾಟಿದವು. ದೊಡ್ಡವರಿಗೂ ದಿನಕ್ಕೆ ಎಂಟು ಗಂಟೆಗೆ ಅದೇ ಮಿತಿ, ಮಗು ಇಡೀ ರಾತ್ರಿ ಮಲಗುತ್ತದೆ. ಫೋನನ್ನು ತೊಟ್ಟಿಲಿನಿಂದ ಎರಡು ಮೀಟರ್ ಆಚೆ ಇಡಿ. ಮಗುವಿನ ತಲೆ ಇರುವ ಜಾಗದಲ್ಲೇ ಅಳೆದು 50 ಡೆಸಿಬೆಲ್‌ಗಿಂತ ಕೆಳಗಿರುವಂತೆ ನೋಡಿಕೊಳ್ಳಿ. ಫೋನಿನ ಆ್ಯಪ್ ಕೆಲವು ಡೆಸಿಬೆಲ್ ತಪ್ಪಬಹುದು, ಆದ್ದರಿಂದ 45 ತೋರಿಸುವಲ್ಲಿ ನಿಲ್ಲಿಸಿ. ಮಗು ನಿದ್ದೆಹೋದ ಮೇಲೆ ತಾನೇ ನಿಲ್ಲುವಂತೆ ಟೈಮರ್ ಹಾಕಿ.