ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್‌ನಲ್ಲಿ ಅರ್ಧದಷ್ಟು ಬರೀ ವೇಸ್ಟಾ? ಬೇಕಾದ್ದಷ್ಟೇ ಓದಿದ್ರೆ ನಡೆಯುತ್ತಾ?

ಗೋಡೆ ಮೇಲೆ ಪೆನ್ಸಿಲ್‌ನಿಂದ ಇದೇ ಲೆಕ್ಕ ಬರೆದಿಟ್ಟಿದ್ದೆ ನಾನು. ಬೆಳಗಾವಿಯಲ್ಲೇ, ಮೆಕ್ಯಾನಿಕಲ್, 2015ರ ಸ್ಕೀಮ್. ಪೇಪರ್ 80ಕ್ಕೆ, ಐದು ಮಾಡ್ಯೂಲ್, ಒಂದೊಂದಕ್ಕೆ 16. ಪಾಸಾಗೋಕೆ 28 ಸಾಕು. ಎರಡು ಮಾಡ್ಯೂಲ್ ಗಟ್ಟಿ ಮಾಡಿದ್ರೆ 32 ಬಂತಲ್ಲ! ಕಾಸ್ಟಿಂಗ್-ವೆಲ್ಡಿಂಗ್ ಪೇಪರ್‌ನಲ್ಲಿ ವೆಲ್ಡಿಂಗ್ ಹಿಡಿದೆ, ರೈಸರ್ (ಎರಕದ ಅಚ್ಚಿನಲ್ಲಿ ಹೆಚ್ಚುವರಿ ಲೋಹ ತುಂಬಿಡೋ ಜಾಗ) ಬಿಟ್ಟೆ. ಫೌಂಡ್ರಿ, ಅಂದ್ರೆ ಲೋಹ ಕರಗಿಸಿ ಎರಕ ಹೊಯ್ಯೋ ಕೆಲಸದ ಲ್ಯಾಬ್ ರೆಕಾರ್ಡು ಸೀನಿಯರ್‌ದು ನೋಡಿ ಇಳಿಸಿದ್ದು. ಪಾಸೂ ಆದೆ.

ಕೆಲಸ ಸಿಕ್ಕಿದ್ದು ಎಲ್ಲಿ? ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಫೌಂಡ್ರಿಯೊಂದರಲ್ಲಿ. ನಗಬೇಡಿ.

ಒಂದು ಸ್ಟೀಲ್ ವಾಲ್ವ್ ಬಾಡಿ ಬಂತು. ಒಂದು ತುದಿಗೆ ದಪ್ಪ ಫ್ಲಾಂಜ್ (ಬೋಲ್ಟ್ ಹಾಕಿ ಜೋಡಿಸೋ ಅಂಚು), ಇನ್ನೊಂದು ತುದಿ ತೆಳು. ರೈಸರನ್ನು ತೆಳು ಕಡೆ ಇಡಿಸಿದೆ, ಆಮೇಲೆ ಕತ್ತರಿಸೋಕೆ ಸಲೀಸು ಅಂತ. ಮೋಲ್ಡಿಂಗ್ ಮಿಸ್ತ್ರಿ ಮೆಲ್ಲಗೆ, ‘ಸರ, ಇಲ್ಲಿ ಬ್ಯಾಡ್ರೀ’ ಅಂದ್ರು. ನಾನು ಇಂಜಿನಿಯರ್ ಅಲ್ವಾ, ಕೇಳಲಿಲ್ಲ.

ಲೋಹ ಆರ್ತಾ ಆರ್ತಾ ಕುಗ್ಗುತ್ತೆ. ತೆಳು ಭಾಗ ಮೊದಲು ಗಟ್ಟಿಯಾಗುತ್ತೆ, ದಪ್ಪ ಭಾಗ ಕೊನೆಗೆ. ಕೊನೆಗೆ ಆರುವ ಜಾಗ ಕುಗ್ಗುವಾಗ ಎಲ್ಲಿಂದಾದರೂ ಬಿಸಿ ಲೋಹ ಎಳೆದುಕೊಳ್ಳಬೇಕು. ಅದನ್ನು ಕೊಡೋದೇ ರೈಸರ್. ಹಾಗಾಗಿ ರೈಸರ್ ದಪ್ಪ ಭಾಗದ ಪಕ್ಕ ಇರಬೇಕು, ಅದಕ್ಕಿಂತಲೂ ತಡವಾಗಿ ಆರಬೇಕು. ನಾನಿಟ್ಟ ಕಡೆಯಿಂದ ಫ್ಲಾಂಜ್‌ಗೆ ಹೋಗೋ ದಾರಿ ಮೊದಲೇ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಹೊರಗಿಂದ ನುಣುಪು. ಗಿರಾಕಿ ಬೋಲ್ಟ್ ತೂತು ಕೊರೆದಾಗ ಒಳಗೆ ಪೊಳ್ಳು, ಹುಳ ತಿಂದ ಹಲ್ಲಿನ ಹಾಗೆ. 60 ಪೀಸ್ ವಾಪಸ್. ಆ ವರ್ಷದ ಇನ್‌ಕ್ರಿಮೆಂಟ್ ಅಲ್ಲಿಗೆ ಮುಗೀತು. ಇಷ್ಟೂ ನಮ್ಮ ಸಿಲಬಸ್‌ನಲ್ಲೇ ಇತ್ತು, ಎರಡು ಪುಟ.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆನೇ ತಪ್ಪು. ಮೂರನೇ ಸೆಮ್‌ನಲ್ಲಿ ಕೂತು ಯಾವುದು ವೇಸ್ಟ್ ಅಂತ ಹೇಗೆ ಗೊತ್ತಾಗುತ್ತೆ?  ಸಿಲಬಸ್‌ನಲ್ಲಿ ಹಳಸಿದ್ದು ಇದೆ, ಇಲ್ಲ ಅನ್ನಲ್ಲ. ಅದನ್ನ ಗುರುತಿಸೋದು ಕೆಲಸ ಮಾಡಿದವರು. ಸಿಲಬಸ್ ಪ್ರಿಂಟ್ ತೆಗೆದು ಒಂದು ಶನಿವಾರ ಉದ್ಯಮಬಾಗ್‌ಗೋ ಮಚ್ಛೆಗೋ ಹೋಗಿ ಯಾರಾದರೂ ಮಿಸ್ತ್ರಿ ಮುಂದೆ ಇಡಿ. ಪಾಸಿಂಗ್ ಪ್ಯಾಕೇಜ್ (ಪಾಸಾಗೋಕೆ ಸಾಕಾಗುವಷ್ಟೇ ಪ್ರಶ್ನೆಗಳ ಪಟ್ಟಿ) ಮಾಡೋ ಸೀನಿಯರ್ ಮುಂದೆ ಬೇಡ.

ವಾಪಸ್ ಬಂದಿದ್ದರಲ್ಲಿ ಒಂದನ್ನ ಮಿಸ್ತ್ರಿ ಸೀಳಿ ಕೊಟ್ಟಿದ್ರು. ಈಗಲೂ ನನ್ನ ಟೇಬಲ್ ಮೇಲೆ ಪೇಪರ್ ಹಾರದಂತೆ ಇಟ್ಟಿದ್ದೀನಿ.