ಆ ಒಂದು ಗಜ ಯಾವ ಕಾಲಮ್ಮಿನಲ್ಲಿದೆ?

ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡದ ಕ್ವಾರ್ಟರ್‌ಬ್ಯಾಕ್‌ಗಳಾದ ಬಾರ್ಟ್ ಸ್ಟಾರ್ ಮತ್ತು ಆರನ್ ರಾಜರ್ಸ್ ಇಬ್ಬರನ್ನೂ ಹೋಲಿಸಿದ ನಿಮ್ಮ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ. ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು, ಚೆಂಡನ್ನು ಎಸೆಯಬೇಕೋ ಓಡುವವನ ಕೈಗೆ ಕೊಡಬೇಕೋ ಅಂತ ಅವನು ಹೇಗೆ ತೀರ್ಮಾನಿಸುತ್ತಾನೆ ಅನ್ನುವುದನ್ನು ಈ ಆಟ ನೋಡದವರಿಗೂ ತಿಳಿಯುವಂತೆ ಬರೆದಿದ್ದೀರಿ. ಹಿಮ ಬಿದ್ದಾಗ ತಂಡದ ಮೈದಾನ ಲ್ಯಾಂಬೊ ಫೀಲ್ಡಿನ ಮೆಟ್ಟಿಲ ಮೇಲಿನ ಹಿಮ ತೆಗೆಯಲು ಊರಿನವರೇ ಸಲಿಕೆ ಹಿಡಿದು ಬರುವ ಪ್ಯಾರಾ ಇಷ್ಟವಾಯಿತು.

ಆದರೆ ಇದನ್ನು ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು.

ಮೊದಲನೆಯದು ಮೂರನೇ ಪುಟದಲ್ಲಿ ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಗೆರೆ ದಾಟಿಸಿ ಅಂಕ ತರುವ ಎಸೆತ, ಎಣಿಸಿದ ಈ ಸಾಲು: ‘ಸ್ಟಾರ್ 152 ಟಚ್‌ಡೌನ್ ಪಾಸ್, ರಾಜರ್ಸ್ ಗ್ರೀನ್ ಬೇಗಾಗಿ 475. ಮೂರು ಪಟ್ಟು ಜಾಸ್ತಿ. ಇನ್ನು ಹೇಳುವುದೇನಿದೆ?’

ಹೇಳುವುದು ಶುರುವಾಗುವುದೇ ಅಲ್ಲಿಂದ. ಸ್ಟಾರ್ ಆಡಿದ್ದು 1956ರಿಂದ 1971ರವರೆಗೆ. ಕೋಚ್ ವಿನ್ಸ್ ಲೊಂಬಾರ್ಡಿಯ ತಂಡ ಚೆಂಡು ಹಿಡಿದು ಓಡುವುದನ್ನೇ ನಂಬಿತ್ತು. ಎಸೆದಾಗಲೂ ಸುಲಭವಿರಲಿಲ್ಲ. ಚೆಂಡು ಹಿಡಿಯಲು ಓಡುವವನನ್ನು ಎದುರಾಳಿ ದಾರಿಯುದ್ದಕ್ಕೂ ತಳ್ಳಬಹುದಿತ್ತು. ಅದನ್ನು ಮೊದಲ ಐದು ಗಜಕ್ಕೆ ಕಟ್ಟಿಹಾಕಿದ್ದು 1978ರ ನಿಯಮ. ಅದೇ ವರ್ಷ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರಿಗೆ ಕೈ ಚಾಚಿ ತಡೆಯಲು ಅನುಮತಿ ಸಿಕ್ಕಿತು. ರಾಜರ್ಸ್ ಹುಟ್ಟಿದ್ದೇ 1983ರಲ್ಲಿ. ಅವರು ಎಸೆಯಲು ನಿಲ್ಲುವ ಹೊತ್ತಿಗೆ ಮೈದಾನವೇ ಬೇರೆಯಾಗಿತ್ತು. ನಿಮ್ಮ ಲೇಖನದಲ್ಲಿ 1978 ಅನ್ನುವ ಇಸವಿ ಒಂದು ಸಲವೂ ಬರುವುದಿಲ್ಲ.

ನಿಮ್ಮ ಲೇಖನ ಬಂದ ರಾತ್ರಿ ಸುಮ್ನೆ ಕೂರಲಾಗಲಿಲ್ಲ. ಇಬ್ಬರೂ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ ಒಂದೊಂದು ವರ್ಷ ತೆಗೆದು ನೋಡಿದೆ. 1966ರಲ್ಲಿ ಸ್ಟಾರ್ ಎಸೆದದ್ದು 251 ಸಲ. 2011ರಲ್ಲಿ ರಾಜರ್ಸ್ ಎಸೆದದ್ದು 502 ಸಲ. ಸರಿಯಾಗಿ ಎರಡರಷ್ಟು! ಎದುರಾಳಿಯ ಕೈಗೆ ಹೋದ ಚೆಂಡು ಸ್ಟಾರ್‌ಗೆ 3, ರಾಜರ್ಸ್‌ಗೆ 6. ಅದೂ ಸರಿಯಾಗಿ ಎರಡರಷ್ಟು. ಅಂದರೆ 45 ವರ್ಷ ದೂರದಲ್ಲಿ, ಒಂದೇ ಊರಿನ ಇಬ್ಬರು ಚೆಂಡನ್ನು ಒಂದೇ ಅಳತೆಯ ಎಚ್ಚರದಲ್ಲಿ ಕಾಪಾಡಿದ್ದಾರೆ. ಟಚ್‌ಡೌನ್ ಮಾತ್ರ 14ಕ್ಕೆ 45. ಅಲ್ಲಿ ರಾಜರ್ಸ್ ಮುಂದಿದ್ದಾರೆ, ಎರಡರಷ್ಟು ಲೆಕ್ಕ ಹಿಡಿದರೂ ಮುಂದಿದ್ದಾರೆ. ಅದರಲ್ಲಿ ಎಷ್ಟು ಪಾಲು ಅವರ ತೋಳಿನದು, ಎಷ್ಟು ಪಾಲು ಬದಲಾದ ಆಟದ್ದು? ನಾನು ಓದಬೇಕೆಂದಿದ್ದ ಲೇಖನ ಇದು. ಈ ಅಂಕಿಗಳು ನಿಮ್ಮ ಕೋಷ್ಟಕದಲ್ಲೇ ಇದ್ದವು. ಅಕ್ಕಪಕ್ಕ ಇಟ್ಟು ನೀವು ನೋಡಿಲ್ಲ ಅಷ್ಟೇ.

ಇನ್ನು ‘ಐಸ್ ಬೌಲ್’ ಅಂತ ಹೆಸರಾದ ಲೀಗ್ ಪ್ರಶಸ್ತಿ ಪಂದ್ಯ. ಅದಕ್ಕೆ ನೀವು ಕೊಟ್ಟದ್ದು ಒಂದೇ ಸಾಲು: ‘ಕೊರೆಯುವ ಚಳಿಯಲ್ಲಿ ಸ್ಟಾರ್ ಗೆಲುವು ತಂದುಕೊಟ್ಟರು.’ ಹೇಗೆ ತಂದುಕೊಟ್ಟರು? 1967ರ ಡಿಸೆಂಬರ್ 31. ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ರೆಫರಿಗಳ ಸೀಟಿ ಹೆಪ್ಪುಗಟ್ಟಿದ್ದವು. ಡಲ್ಲಾಸ್ 17, ಗ್ರೀನ್ ಬೇ 14. ಅಂಕದ ಗೆರೆಗೆ ಒಂದು ಗಜದಷ್ಟು ದೂರ. ಉಳಿದದ್ದು 16 ಸೆಕೆಂಡ್, ಆಟ ನಿಲ್ಲಿಸಿಕೊಳ್ಳುವ ಟೈಮ್‌ಔಟ್ ಮುಗಿದಿದ್ದವು. ಅದಕ್ಕೆ ಮೊದಲು ಎರಡು ಸಲ ಓಡುವವನ ಕೈಗೆ ಚೆಂಡು ಕೊಟ್ಟಾಗ ಮಂಜುಗಟ್ಟಿದ ನೆಲದಲ್ಲಿ ಕಾಲು ಜಾರಿತ್ತು. ಸ್ಟಾರ್ ಚೆಂಡನ್ನು ಯಾರಿಗೂ ಕೊಡದೆ ತಾವೇ ನುಗ್ಗಿದರು. ತನಗೇ ಚೆಂಡು ಬರುತ್ತದೆ ಅಂತ ಹಿಂದಿದ್ದ ಆಟಗಾರ ಚಕ್ ಮರ್ಸೀನ್ ಕಾಯುತ್ತಿದ್ದ. 21–17.

ಆ ಒಂದು ಗಜ ನಿಮ್ಮ 152ರಲ್ಲಿ ಇಲ್ಲ. ಅದು ಪಾಸ್ ಅಲ್ವಲ್ಲ!

ಇದು ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಅಂತ ಹೇಳಬೇಕು. 2012ರಲ್ಲಿ ರಾಹುಲ್ ದ್ರಾವಿಡ್ ನಿವೃತ್ತರಾದಾಗ ನಾನು ಒಂದು ಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಹೊಸಬ. ಜಿ.ಆರ್. ವಿಶ್ವನಾಥ್ ಮತ್ತು ದ್ರಾವಿಡ್ ಬಗ್ಗೆ ಬರೆದುಕೊಟ್ಟೆ. ನನ್ನದೂ ಕೋಷ್ಟಕವೇ. ಟೆಸ್ಟ್ ಶತಕ 14, ಇನ್ನೊಂದು ಕಡೆ 36. ಸರಾಸರಿ 41.93, ಇನ್ನೊಂದು ಕಡೆ 52.31. ನಮ್ಮ ಹಿರಿಯ ಉಪಸಂಪಾದಕರು 14ರ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದು ಕೇಳಿದರು: ‘ಇದರಲ್ಲಿ ಮದ್ರಾಸ್ ಎಲ್ಲಿದೆಯಪ್ಪಾ?’

ನನಗೆ ಅರ್ಥವಾಗಲಿಲ್ಲ. ಅವರು ಹೇಳಲೂ ಇಲ್ಲ. ಮರುದಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಬೈಂಡ್ ತೆಗೆಸಿದೆ. 1975ರ ಜನವರಿ, ಚೆಪಾಕ್, ಎದುರಿಗೆ ವೆಸ್ಟ್ ಇಂಡೀಸ್. ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತಿದ್ದರು. ಭಾರತ ಒಟ್ಟು 190. ಅದರಲ್ಲಿ ವಿಶ್ವನಾಥ್ ಔಟಾಗದೆ 97. ಭಾರತ ಆ ಟೆಸ್ಟ್ ಗೆದ್ದಿತು. ಮೂರು ರನ್ ಕಡಿಮೆಯಾದ್ದರಿಂದ ಆ ಇನ್ನಿಂಗ್ಸ್ ನನ್ನ ಶತಕದ ಕಾಲಮ್ಮಿಗೆ ಬಂದಿರಲಿಲ್ಲ. ಲೇಖನ ಹರಿದು ಮತ್ತೆ ಬರೆದೆ. ಮೂರು ಸಲ ಬರೆದ ಮೇಲೆ ಅವರು ಒಪ್ಪಿದರು.

ಎರಡನೆಯ ಸಿಟ್ಟು ನಿಮ್ಮ ಕೊನೆಯ ಸಾಲಿನ ಮೇಲೆ. ‘ಒಟ್ಟಿನಲ್ಲಿ ಇಬ್ಬರೂ ಶ್ರೇಷ್ಠರೇ, ಯಾರು ಮೇಲು ಎನ್ನುವುದು ಓದುಗರಿಗೆ ಬಿಟ್ಟದ್ದು.’ ಆರು ಪುಟ ಓದಿಸಿ ಹೀಗೆ ಕೈಬಿಟ್ಟರೆ ಹೇಗೆ? ಮೇಲೆ ಮೂರು ಪಟ್ಟು ಜಾಸ್ತಿ ಅಂದವರೂ ನೀವೇ ಅಲ್ವಾ? ಸ್ಟಾರ್ ಐದು ಲೀಗ್ ಪ್ರಶಸ್ತಿ ಗೆದ್ದರು, ರಾಜರ್ಸ್ ಒಂದು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಎಂವಿಪಿ ಗೌರವ ರಾಜರ್ಸ್‌ಗೆ ನಾಲ್ಕು, ಸ್ಟಾರ್‌ಗೆ ಒಂದು. ಯಾವುದಕ್ಕೆ ಎಷ್ಟು ತೂಕ ಕೊಡುತ್ತೀರಿ ಅಂತ ನೀವು ಹೇಳಬೇಕು. ನನ್ನನ್ನು ಕೇಳಿದರೆ ಎಸೆತಗಾರನಾಗಿ ರಾಜರ್ಸ್, ಆ ಕೊನೆಯ 16 ಸೆಕೆಂಡಿಗೆ ಸ್ಟಾರ್. ನಿಮಗೆ ಬೇರೆ ಅನ್ನಿಸಿದರೆ ಧೈರ್ಯವಾಗಿ ಬರೆಯಿರಿ, ಜಗಳವಾಡೋಣ.

ಇನ್ನೊಂದು ಮಾತು. ಎರಡನೇ ಪುಟದಲ್ಲಿ ನಿಮ್ಮ ಮಿಲ್ವಾಕಿಯ ಮನೆಯ ಪಕ್ಕದ ಅಜ್ಜ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾರೆ. ಐಸ್ ಬೌಲ್ ದಿನ ಅಪ್ಪನ ಜೊತೆ ಮೈದಾನದಲ್ಲಿದ್ದವರು, ರಾಜರ್ಸ್ ಆಟವನ್ನೂ ಅಲ್ಲೇ ಕೂತು ನೋಡಿದವರು ಅಂತ ಬರೆದಿದ್ದೀರಿ. ಇಬ್ಬರನ್ನೂ ಕಣ್ಣಾರೆ ಕಂಡವರು ಬೇಲಿಯಾಚೆಗಿದ್ದಾರೆ, ನೀವು ಕೋಷ್ಟಕ ಹಾಕುತ್ತಾ ಕೂತಿದ್ದೀರಿ. ಈ ಭಾನುವಾರ ಅವರ ಮನೆಗೆ ಹೋಗಿ. ಸ್ಟಾರ್ ನುಗ್ಗಿದ್ದು ಅವರು ಕೂತ ಕಡೆಯಿಂದ ಕಂಡಿತಾ, ಇಲ್ಲ ಕೂಗು ಕೇಳಿ ಗೊತ್ತಾಯಿತಾ ಅಂತ ಕೇಳಿ. ಅವರು ಹೇಳಿದ್ದನ್ನು ಬರೆದು, ಮೂರನೇ ಪುಟ ಪೂರ್ತಿ ತೆಗೆದು, ತಿಂಗಳೊಳಗೆ ಕಳಿಸಿ. ನಾನು ಕಾಯುತ್ತೇನೆ.