ಊರಿನ ಶಾಲೆಗಾಗಿ ಟ್ರಸ್ಟ್ ಮಾಡಿದ್ದೇವೆ, ದುಡ್ಡಿನ ಲೆಕ್ಕ ಹೇಗೆ ಇಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಹಳೆ ವಿದ್ಯಾರ್ಥಿಗಳು ಸೇರಿ ನಿಮ್ಮೂರಿನ ಸರ್ಕಾರಿ ಶಾಲೆಗಾಗಿ ಟ್ರಸ್ಟ್ ನೋಂದಾಯಿಸಿದ್ದೀರಿ. ವರ್ಷಕ್ಕೆ ಏಳೆಂಟು ಲಕ್ಷ ಬರುತ್ತಿದೆ. ಖಜಾಂಚಿ ನೀವೇ. ಅರ್ಧ ದುಡ್ಡು ನಿಮ್ಮ ಸ್ವಂತ ಫೋನ್‌ಪೇ ನಂಬರಿಗೆ ಬರುತ್ತದೆ. ಇದುವರೆಗೆ ಯಾರೂ ಏನೂ ಕೇಳಿಲ್ಲ, ಆದರೆ ನಿಮಗೇ ಭಯ ಶುರುವಾಗಿದೆ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಕೊಳ್ಳಬೇಕಾ ಅಂತಲೂ ಕೇಳಿದ್ದೀರಿ.

ನಾನು ಹಲವು ವರ್ಷಗಳಿಂದ ಇಂಥ ಸಣ್ಣ ಟ್ರಸ್ಟ್‌ಗಳ ಲೆಕ್ಕಪತ್ರ ನೋಡಿಕೊಂಡು ಬಂದವನು. ಟ್ಯಾಲಿ ವಿಷಯ ಕೊನೆಗೆ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ಒಂದಿದೆ: ಟ್ರಸ್ಟಿನ ಖಾತೆಯಲ್ಲಿ ಇರುವ ದುಡ್ಡೆಲ್ಲ ಖರ್ಚು ಮಾಡಬಹುದಾದ ದುಡ್ಡಲ್ಲ. ಸಣ್ಣ ಟ್ರಸ್ಟ್‌ಗಳು ಕಷ್ಟಕ್ಕೆ ಸಿಕ್ಕಿಕೊಳ್ಳುವುದನ್ನು ನಾನು ಜಾಸ್ತಿ ನೋಡಿರುವುದು ಇಲ್ಲೇ. ಕಳ್ಳತನದಿಂದ ಮುಳುಗಿದ್ದು ಕಡಿಮೆ.

ಒಂದು ಉದಾಹರಣೆ ತಗೊಳ್ಳೋಣ. ಡಿಸೆಂಬರ್ ಕೊನೆಗೆ ನಿಮ್ಮ ಟ್ರಸ್ಟಿನ ಖಾತೆಯಲ್ಲಿ 4,10,000 ರೂಪಾಯಿ ಇದೆ ಅಂದುಕೊಳ್ಳಿ. ಸಭೆಯಲ್ಲಿ ಯಾರೋ ಒಬ್ಬರು, ಜನವರಿ 26ಕ್ಕೆ ಶಾಲೆಗೆ 50,000ದ ಸೌಂಡ್ ಸಿಸ್ಟಮ್ ಕೊಡೋಣ, ನಾಲ್ಕು ಲಕ್ಷ ಇದೆಯಲ್ಲ ಅಂತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಈಗ ಲೆಕ್ಕ ಬಿಡಿಸಿ ನೋಡಿ. ಅದರಲ್ಲಿ 2,50,000 ಒಬ್ಬ ದಾನಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಅಂತಲೇ ಕೊಟ್ಟದ್ದು. ಇನ್ನು 1,00,000 ಒಬ್ಬರು ತಂದೆಯ ಹೆಸರಲ್ಲಿ ಇಟ್ಟ ದತ್ತಿ. ಅದರ ಬಡ್ಡಿಯಲ್ಲಿ ಮಾತ್ರ ವರ್ಷಕ್ಕೊಮ್ಮೆ ಬಹುಮಾನ ಕೊಡಬೇಕು, ಅಸಲು ಮುಟ್ಟುವ ಹಾಗಿಲ್ಲ. ಉಳಿದದ್ದು 60,000. ನೀವು ಇಬ್ಬರು ಶಿಕ್ಷಕಿಯರಿಗೆ ತಿಂಗಳಿಗೆ ತಲಾ 8,000 ಗೌರವಧನ ಕೊಡುತ್ತಿದ್ದರೆ, ಮಾರ್ಚ್ ಮುಗಿಯುವ ಹೊತ್ತಿಗೆ 48,000 ಹೋಗುತ್ತದೆ. ಅಂದರೆ ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು 12,000. ಸೌಂಡ್ ಸಿಸ್ಟಮ್ ಕೊಂಡರೆ ಒಂದೋ ಶೌಚಾಲಯದ ದುಡ್ಡು ಕರಗುತ್ತದೆ, ಇಲ್ಲವೇ ಫೆಬ್ರವರಿ ಮಾರ್ಚಿನಲ್ಲಿ, ಪರೀಕ್ಷೆ ಹತ್ತಿರ ಇರುವಾಗ, ಮಕ್ಕಳಿಗೆ ಪಾಠ ಹೇಳುವವರಿಗೆ ಸಂಬಳ ಇರುವುದಿಲ್ಲ.

"ಆಮೇಲೆ ದುಡ್ಡು ಬಂದಾಗ ತುಂಬಿಸಿದರಾಯ್ತು" ಅನ್ನುವ ಮಾತು ಆಗ ಬಂದೇ ಬರುತ್ತದೆ. ಈ ಮಾತಿಗೆ ಒಪ್ಪಬೇಡಿ. ಶೌಚಾಲಯಕ್ಕೆ ಅಂತ ಕೊಟ್ಟವರು ಶೌಚಾಲಯಕ್ಕೇ ಕೊಟ್ಟಿದ್ದಾರೆ. ಅದನ್ನು ಬೇರೆ ಕಡೆ ತಿರುಗಿಸಬೇಕಾದರೆ ಅವರನ್ನು ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಶೌಚಾಲಯ 2,20,000ಕ್ಕೇ ಮುಗಿದು 30,000 ಉಳಿದರೂ ಅಷ್ಟೇ, ಕೇಳಿಯೇ ಬಳಸಿ. ನನ್ನ ಅನುಭವದಲ್ಲಿ ಹೀಗೆ ಕೇಳಿದಾಗ ದಾನಿಗಳು ಬೇಡ ಅನ್ನುವುದು ಅಪರೂಪ. ಮುಂದಿನ ವರ್ಷ ಕರೆದು ಕೊಡುವವರೂ ಅವರೇ.

ಇದಕ್ಕೆ ಮಾಡಬೇಕಾದದ್ದು ತುಂಬಾ ಸರಳ. ರಸೀದಿ ಬರೆಯುವಾಗಲೇ ಯಾತಕ್ಕೆ ಅಂತ ಬರೆಯಿರಿ. ಏನೂ ಹೇಳದೆ ಕೊಟ್ಟರೆ 'ಸಾಮಾನ್ಯ ನಿಧಿ' ಅಂತ ಬರೆಯಿರಿ. ಲೆಕ್ಕದ ಹಾಳೆಯಲ್ಲಿ ಪ್ರತಿ ನಿಧಿಗೂ ಒಂದು ಕಾಲಂ ಇರಲಿ: ಶೌಚಾಲಯ, ದತ್ತಿ, ಸಾಮಾನ್ಯ. ಪ್ರತಿಯೊಂದಕ್ಕೂ ಬೇರೆ ಬ್ಯಾಂಕ್ ಖಾತೆ ಬೇಕಾಗಿಲ್ಲ, ಕಾಲಂ ಸಾಕು. ದತ್ತಿ ಮಾತ್ರ ಬೇರೆ. ಅದಕ್ಕೆ ದಾನಿಯಿಂದ ಮೂಲನಿಧಿ ಅಂತ ಸ್ಪಷ್ಟವಾಗಿ ಹೇಳುವ ಪತ್ರ ತಗೊಂಡು, ಟ್ರಸ್ಟಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಎಫ್‌ಡಿ ಇಡಿ. ಜಾಸ್ತಿ ಬಡ್ಡಿ ಬರುತ್ತದೆ ಅಂತ ಚೀಟಿಗೆ ಹಾಕುವುದು, ಊರಲ್ಲಿ ಯಾರಿಗೋ ಬಡ್ಡಿಗೆ ಬಿಡುವುದು ಬೇಡವೇ ಬೇಡ. ಟ್ರಸ್ಟಿನ ದುಡ್ಡು ಎಲ್ಲೆಲ್ಲಿ ಇಡಬಹುದು ಅಂತ ಆದಾಯ ತೆರಿಗೆ ಕಾಯ್ದೆಯಲ್ಲೇ ಪಟ್ಟಿ ಇದೆ. ಚೀಟಿ ಅದರಲ್ಲಿ ಇಲ್ಲ. ಟ್ರಸ್ಟಿಗಳಿಗೆ ಕೈಸಾಲ ಕೊಡುವುದಂತೂ ತೆರಿಗೆ ವಿನಾಯಿತಿಗೇ ಕುತ್ತು ತರಬಹುದು.

ಶಿಕ್ಷಕಿಯರ ಗೌರವಧನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಗೋಡೆ ಮೇಲೆ ಹೆಸರು ಕೆತ್ತಿಸಬಹುದಾದ ಕೆಲಸಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ. ಸಂಬಳಕ್ಕೆ ಸಿಗುವುದಿಲ್ಲ. ಆದರೆ ಮಕ್ಕಳಿಗೆ ನಿಜವಾಗಿ ಬೇಕಾದದ್ದು ಆ ಶಿಕ್ಷಕಿಯೇ ಅಲ್ವಾ? ಹಾಗಾಗಿ ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಇಡೀ ವರ್ಷದ ಗೌರವಧನ ಕೈಯಲ್ಲಿದೆಯಾ ನೋಡಿ. ಒಬ್ಬರಿಗೆ ಸಾಲುವಷ್ಟೇ ಇದ್ದರೆ ಒಬ್ಬರನ್ನೇ ನೇಮಿಸಿ. ಅರ್ಧ ವರ್ಷದಲ್ಲಿ ನಿಲ್ಲಿಸುವುದಕ್ಕಿಂತ ಅದು ಎಷ್ಟೋ ವಾಸಿ. ಹಳೆ ವಿದ್ಯಾರ್ಥಿಗಳ ಹತ್ತಿರ ಸಾಮಾನ್ಯ ನಿಧಿಗೆ ಕೊಡಿ ಅಂತ ಕೇಳುವಾಗ ಈ ಕಾರಣವನ್ನು ಬಿಚ್ಚಿ ಹೇಳಿ. ಆಡಿಟ್ ಫೀಸು, ಓಡಾಟದ ಖರ್ಚನ್ನೂ ಮುಚ್ಚಿಡಬೇಡಿ. ಅದೂ ನ್ಯಾಯವಾದ ಖರ್ಚೇ.

ಈಗ ನಿಮ್ಮ ಫೋನ್‌ಪೇ ವಿಷಯ. ಇದನ್ನು ಈ ವಾರವೇ ನಿಲ್ಲಿಸಿ. ನೀವು ಎಷ್ಟೇ ಪ್ರಾಮಾಣಿಕರಾಗಿರಿ, ಸ್ವಂತ ಖಾತೆಗೆ ಬಂದ ದುಡ್ಡು ಕಾಗದದ ಮೇಲೆ ನಿಮ್ಮದೇ. ನಾಳೆ ನಿಮಗೆ ಏನಾದರೂ ಆದರೆ ನಿಮ್ಮ ಮನೆಯವರು ಅದನ್ನು ಬಿಡಿಸುವುದಕ್ಕೆ ಒದ್ದಾಡಬೇಕಾಗುತ್ತದೆ. ಟ್ರಸ್ಟಿನ ಪ್ಯಾನ್ ಕೊಟ್ಟು ಟ್ರಸ್ಟಿನ ಹೆಸರಿನಲ್ಲಿ ಖಾತೆ ತೆರೆಯಿರಿ. ಅದಕ್ಕೇ ಕ್ಯೂಆರ್ ಕೋಡ್ ಮಾಡಿಸಿ. ಇದುವರೆಗೆ ನಿಮ್ಮ ಖಾತೆಗೆ ಬಂದದ್ದರ ಪಟ್ಟಿ ಮಾಡಿ, ಖರ್ಚು ಕಳೆದು, ಉಳಿದದ್ದನ್ನು ಒಂದೇ ಸಲ ವರ್ಗಾಯಿಸಿ, ಆ ಪಟ್ಟಿಯನ್ನು ಸಭೆಯಲ್ಲಿಟ್ಟು ಎಲ್ಲರ ಸಹಿ ಹಾಕಿಸಿ. ಚೆಕ್ಕಿಗೆ ಇಬ್ಬರ ಸಹಿ ಕಡ್ಡಾಯ ಇರಲಿ. ಖಾಲಿ ಚೆಕ್ಕಿಗೆ ಮುಂಚೆಯೇ ಸಹಿ ಹಾಕಿಸಿ ಇಟ್ಟುಕೊಳ್ಳುವ ಅಭ್ಯಾಸ ತುಂಬಾ ಕಡೆ ಇದೆ. ಹಾಗೆ ಮಾಡಿದರೆ ಎರಡನೇ ಸಹಿ ಇದ್ದೂ ಇಲ್ಲದ ಹಾಗೆ.

ಖರ್ಚು ಮಾಡುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು, ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟನ್ನು ಪುಸ್ತಕದ ಜೊತೆ ತಾಳೆ ನೋಡುವವರು ಮೂರನೆಯವರು. ನಿಮ್ಮಂಥ ಟ್ರಸ್ಟಿನಲ್ಲಿ ಮೂವರು ಸಿಗುವುದು ಕಷ್ಟ ಏನಲ್ಲ. ಇದನ್ನು ಹೇಳಿದ ಕೂಡಲೇ "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ಯಾರಾದರೂ ಬೇಜಾರು ಮಾಡಿಕೊಳ್ಳಬಹುದು. ಖಜಾಂಚಿಯಾದ ನೀವೇ ಈ ಪ್ರಸ್ತಾಪ ತಂದರೆ ಆ ಮಾತು ಹುಟ್ಟುವುದೇ ಇಲ್ಲ. ಊರಲ್ಲಿ ಗುಸುಗುಸು ಶುರುವಾದ ಮೇಲೆ ತಂದರೆ ಅದೇ ಪ್ರಸ್ತಾಪ ಆರೋಪದ ಹಾಗೆ ಕೇಳಿಸುತ್ತದೆ. ಅದಕ್ಕೇ ಈಗಲೇ ಮಾಡಿ ಅನ್ನುವುದು.

ಶೌಚಾಲಯ ಕಟ್ಟುವಾಗ ನಗದಿನ ಸಮಸ್ಯೆ ಬರುತ್ತದೆ. ಮೇಸ್ತ್ರಿ ಕ್ಯಾಶ್ ಕೇಳುತ್ತಾರೆ, ಮರಳಿನವರೂ ಕೇಳುತ್ತಾರೆ. ಒಬ್ಬರಿಗೆ ಒಂದು ದಿನಕ್ಕೆ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ, ತೆರಿಗೆ ಲೆಕ್ಕದಲ್ಲಿ ಅದನ್ನು ಧರ್ಮಕಾರ್ಯದ ಖರ್ಚು ಅಂತ ಒಪ್ಪುವುದಿಲ್ಲ. ಹಾಗಾಗಿ ಕೆಲಸ ಒಪ್ಪಿಸುವ ದಿನವೇ 'ದುಡ್ಡು ಖಾತೆಗೆ ಬರುತ್ತದೆ' ಅಂತ ಮೇಸ್ತ್ರಿಗೆ ಹೇಳಿಬಿಡಿ. ಕೆಲಸ ಶುರು ಮಾಡುವ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಮತ್ತು ಶಿಕ್ಷಣ ಇಲಾಖೆಯ ಅನುಮತಿ ತಗೊಳ್ಳಿ. ಮುಗಿದ ಮೇಲೆ ಮುಖ್ಯ ಶಿಕ್ಷಕರಿಂದ ಹಸ್ತಾಂತರ ಪತ್ರ ತಗೊಳ್ಳಿ. ಬೆಂಚು, ಕಂಪ್ಯೂಟರ್ ಕೊಟ್ಟಾಗಲೂ ಅಷ್ಟೇ, ಶಾಲೆಯ ದಾಸ್ತಾನು ಪುಸ್ತಕದಲ್ಲಿ ಅದು ಏರಬೇಕು.

ತೆರಿಗೆಯ ವಿಷಯ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಇದಕ್ಕೆ ನಿಮಗೆ ಸಿಎ ಬೇಕೇ ಬೇಕು. ಏಳೆಂಟು ಲಕ್ಷ ಬರುವ ಟ್ರಸ್ಟು ವಿನಾಯಿತಿ ಪಡೆಯಲು ಆಡಿಟ್ ಮಾಡಿಸಲೇಬೇಕು. ಜನ ಈಗಲೂ 12ಎ ಅಂತ ಕರೆಯುವ, ಆದಾಯ ತೆರಿಗೆ ಇಲಾಖೆಯ ನೋಂದಣಿ ಇದ್ದರೆ ಮಾತ್ರ ವಿನಾಯಿತಿ. ಆ ವರ್ಷದ ಆದಾಯದಲ್ಲಿ 85%ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಬಿಲ್ ಬಂದಿದ್ದರೆ ಸಾಲದು, ಮಾರ್ಚ್ 31ರೊಳಗೆ ದುಡ್ಡು ಕೊಟ್ಟಿರಬೇಕು. ಕಟ್ಟಡಕ್ಕಾಗಿ ಕೂಡಿಡಬೇಕಾದರೆ ಉದ್ದೇಶ ಬರೆದು ಫಾರಂ ಸಲ್ಲಿಸಿ 5 ವರ್ಷದವರೆಗೆ ಇಡಬಹುದು. ಮಾರ್ಚ್ ಕೊನೆಯಲ್ಲಿ ಗಾಬರಿಯಿಂದ ಬೇಡದ್ದನ್ನೆಲ್ಲ ಕೊಳ್ಳುವ ಟ್ರಸ್ಟ್‌ಗಳಿಗೆ ಈ ದಾರಿ ಇರುವುದೇ ಗೊತ್ತಿರುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ಸೆಕ್ಷನ್ ನಂಬರುಗಳೇ ಬೇರೆ. ಹಳೆ ನಂಬರು ನೋಡಿಕೊಂಡು ಫಾರಂ ತುಂಬಬೇಡಿ, ಸಿಎಯನ್ನು ಕೇಳಿ.

80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ಕಡಿತದ ಬಗ್ಗೆ ದಾನಿಗಳಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ಕಡಿತ ಸಿಗುವುದಿಲ್ಲ. ಹಳೆ ಪದ್ಧತಿಯಲ್ಲಿ ಇರುವವರಿಗೂ 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ. ಸಿಗಬೇಕಾದವರಿಗೆ ಸಿಗಲು ನೀವು ವರ್ಷದ ದೇಣಿಗೆ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಈವರೆಗಿನ ನಿಯಮದಲ್ಲಿ ಅದಕ್ಕೆ ಮೇ 31 ಕೊನೆ ದಿನ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಆದ್ದರಿಂದ ದುಡ್ಡು ಬಂದ ದಿನವೇ ಹೆಸರು, ವಿಳಾಸ, ಪ್ಯಾನ್ ಬರೆದಿಟ್ಟುಕೊಳ್ಳಿ.

ನಿಮ್ಮ ಗುಂಪಿನಲ್ಲಿ ಅಮೆರಿಕದಲ್ಲಿ ಇರುವವರೂ ಇದ್ದಾರೆ ಅಂದಿರಿ. ಇಲ್ಲಿ ತುಂಬಾ ಜೋಪಾನ. ಅವರ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಬ್ಯಾಂಕ್ ಮೂಲಕ ಕಳಿಸಿದ ದುಡ್ಡು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ, ಅಥವಾ ಮುಂಚಿತವಾಗಿ ಸರ್ಕಾರದ ಅನುಮತಿ ಪಡೆಯದೆ, ಅದನ್ನು ಮುಟ್ಟುವ ಹಾಗಿಲ್ಲ. ನೋಂದಣಿ ಬೇಕೆಂದರೆ ಸಾಮಾನ್ಯವಾಗಿ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ 3 ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ಅಲ್ಲಿಯವರೆಗೆ ಪ್ರೀತಿಯಿಂದಲೇ ಬೇಡ ಅನ್ನಿ. ಊರಿಗೆ ಬಂದಾಗ ಮಕ್ಕಳಿಗೆ ಪಾಠ ಮಾಡಲಿ, ಅದಕ್ಕೆ ನೀವು ಯಾವ ರಸೀದಿಯನ್ನೂ ಬರೆಯಬೇಕಾಗಿಲ್ಲ.

ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕವನ್ನು ಕನ್ನಡದಲ್ಲಿ ಬರೆದು ವಾಟ್ಸಾಪ್ ಗುಂಪಿಗೆ ಹಾಕಿ, ಶಾಲೆಯ ನೋಟಿಸ್ ಬೋರ್ಡಿಗೂ ಅಂಟಿಸಿ. ಮಕ್ಕಳ ತಂದೆ ತಾಯಂದಿರಿಗೆ ಓದಲು ಬರುವ ಹಾಗಿರಬೇಕು. ಯಾವ ನಿಧಿಗೆ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿದಿದೆ. ಇಷ್ಟು ಸಾಕು, ಪೈ ಚಾರ್ಟ್ ಬೇಡ.

ಇನ್ನು ಟ್ಯಾಲಿ. ನಿಮ್ಮ ವ್ಯವಹಾರಕ್ಕೆ ಅದು ಬೇಡ. ಒಂದು ಎಕ್ಸೆಲ್ ಶೀಟು, ನಂಬರ್ ಹಾಕಿದ ರಸೀದಿ ಪುಸ್ತಕ, ವೋಚರ್ ಫೈಲು, ನಡಾವಳಿ ಪುಸ್ತಕ ಇದ್ದರೆ ನಡೆಯುತ್ತದೆ. ನಮೂದು ಮಾತ್ರ ಅವತ್ತಿನದು ಅವತ್ತೇ ಆಗಬೇಕು. ರದ್ದಾದ ರಸೀದಿಯನ್ನು ಹರಿದು ಎಸೆಯದೆ, ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಬಿಡಿ. ಅಂಗಡಿಯ ಬಿಲ್ಲುಗಳು ಈಗ ಥರ್ಮಲ್ ಕಾಗದದಲ್ಲಿ ಬರುತ್ತವೆ, ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ. ಹಳೆ ಕಾಯ್ದೆಯ ಲೆಕ್ಕದಲ್ಲಿ ಆಯಾ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮರುವರ್ಷ) ಮುಗಿದ ಮೇಲೂ 10 ವರ್ಷ ದಾಖಲೆ ಇಡಬೇಕು ಅನ್ನುವ ನಿಯಮ ಇರುವುದರಿಂದ, ಅಂಥ ಬಿಲ್ಲನ್ನು ಅವತ್ತೇ ಜೆರಾಕ್ಸ್ ಮಾಡಿಸಿ ಅಸಲಿನ ಜೊತೆ ಪಿನ್ ಮಾಡಿ ಇಡಿ.